ಮನೆಯೊಳಗಿನ ಮಷಿನ್ನಿಗೆ ಯಾವ ಕಾನೂನು?

ದಾವಣಗೆರೆಯ ಚೌಕಿಪೇಟೆಯಲ್ಲಿ ಪಗಡಿ ಕೊಟ್ಟು ಮಳಿಗೆ ಹಿಡಿದ ವ್ಯಾಪಾರಿಗೆ ಒಂದು ಹೊಟ್ಟೆಯುರಿ ಇದ್ದೇ ಇದೆ. ಬಾಡಿಗೆ, ಪರವಾನಗಿ ಶುಲ್ಕ, ವಾಣಿಜ್ಯ ದರದ ಕರೆಂಟು ಎಲ್ಲ ಕಟ್ಟಿ ಆತ ಷಟರ್ ಎತ್ತುವ ಹೊತ್ತಿಗೆ, ಯಾವುದೋ ಬಡಾವಣೆಯ ಮನೆಯ ಹಾಲಿನಲ್ಲಿ ಸೀರೆ ವ್ಯಾಪಾರ ಅರ್ಧ ಮುಗಿದಿರುತ್ತದೆ! "ಮನೇಲಿ ಅಂಗಡಿ ಇಡೋಕೆ ಇವರಿಗೆ ಯಾರ್ರೀ ಪರ್ಮಿಷನ್ ಕೊಟ್ಟೋರು?" ಎಂದು ಆತ ಕೇಳಿದರೆ ತಪ್ಪೇನಿಲ್ಲ.

ಆದರೆ ನಡುಮನೆಯಲ್ಲಿ ಒಂದೇ ಮಷಿನ್ ಇಟ್ಟು ಕುಪ್ಪಸ ಹೊಲಿಯುವ ಹೆಣ್ಣುಮಗಳನ್ನೂ ಇದೇ ಪ್ರಶ್ನೆ ಕೇಳಬೇಕೆ? ಪೇಟೆಯಲ್ಲಿ ಅಂಗಡಿ ಹಿಡಿ ಎಂದರೆ ಆಕೆಯ ದುಡಿಮೆಯೆಲ್ಲ ಬಾಡಿಗೆಗೇ ಹೋದೀತು. ಹರಿಹರದಿಂದ ಬಸ್ ಹತ್ತಿ ಬಂದು ಆಕೆಗೆ ಬಟ್ಟೆ ಕೊಟ್ಟು ಹೋಗುವವರು ಬೀದಿಗೆ ಕಾರು ತಂದು ನಿಲ್ಲಿಸುವವರಂತೂ ಅಲ್ಲ.

ಕಾನೂನು ಏನನ್ನುತ್ತದೆ? ಒಂದಲ್ಲ ಸ್ವಾಮಿ, ಮೂರು ಬಾಗಿಲು! 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ ದೂಡಾದವರು ನಕ್ಷೆಗೆ ಬಣ್ಣ ಬಳಿಯುತ್ತಾರೆ. ವಾಸಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ. ಹಳದಿಯೊಳಗೂ ಯಾವ ಚಿಕ್ಕಪುಟ್ಟ ಕಸುಬು ನಡೆಯಬಹುದು ಎಂಬುದು ವಲಯ ನಿಯಮಾವಳಿಯ ಮಾತು. ಇನ್ನು 1976ರ ಪೌರ ನಿಗಮಗಳ ಕಾಯ್ದೆಯ 353ನೇ ಕಲಂ ಪ್ರಕಾರ ಪಟ್ಟಿಯಲ್ಲಿರುವ ಉದ್ಯೋಗಗಳಿಗೆ ಪಾಲಿಕೆಯ ಪರವಾನಗಿ ಬೇಕು. ಮೂರನೆಯದು ಬೆಸ್ಕಾಂ ಮೀಟರು.

ಈ ಮೂರರಲ್ಲಿ ಬಿಡಿಸಿ ಹೇಳಿದವರು ಕರೆಂಟಿನವರೇ ಎಂಬುದು ತಮಾಷೆ! ವಿದ್ಯುತ್ ನಿಯಂತ್ರಣ ಆಯೋಗದ ದರಪಟ್ಟಿ ನೋಡಿ. ಮನೆಯವರೇ ಮನೆಯ ಒಂದು ಭಾಗದಲ್ಲಿ ಹೊಲಿಗೆ, ಕೈಮಗ್ಗ, ಅಕ್ಕಸಾಲಿ ಕೆಲಸ, ಟೈಪಿಂಗ್, ಬ್ಯೂಟಿ ಪಾರ್ಲರ್ ನಡೆಸಿದರೂ ಗೃಹಬಳಕೆಯ ದರವೇ ಎಂದು ಒಂದೊಂದಾಗಿ ಬರೆದಿದ್ದಾರೆ. ವಕೀಲರು, ವೈದ್ಯರ ಜೊತೆಗೆ ಜ್ಯೋತಿಷಿಗಳಿಗೂ ಅದರಲ್ಲಿ ಜಾಗ ಇದೆ. ಹಾಗಂತ ಈ ರಿಯಾಯಿತಿ ಮೀಟರಿಗೆ ಮಾತ್ರ. ಅದನ್ನು ತೋರಿಸಿ ದೂಡಾದಿಂದಲೋ ಪಾಲಿಕೆಯಿಂದಲೋ ತಪ್ಪಿಸಿಕೊಳ್ಳಲಾಗದು. ತಿಂಡಿ ಮಾಡಿ ಮಾರುವವರು ಆಹಾರ ಸುರಕ್ಷತಾ ನೋಂದಣಿಯನ್ನೂ ಮಾಡಿಸಬೇಕು.

ಕರೆಂಟಿನವರಿಗೆ ಆದದ್ದು ಉಳಿದಿಬ್ಬರಿಗೆ ಯಾಕೆ ಆಗದು? ಪಟ್ಟಿ ಕಣ್ಣೆದುರು ಇಲ್ಲದಿದ್ದಾಗ ಆಗುವುದು ಒಂದೇ. ಪಕ್ಕದ ಮನೆಯವರ ಜೊತೆ ಜಗಳವಾದವರಿಗೆ ನೋಟೀಸು, ಹೊಂದಿಕೊಂಡವರಿಗೆ ಏನೂ ಇಲ್ಲ. ಇದೆಂಥ ನ್ಯಾಯ?

ಬೆಂಗಳೂರಿನಲ್ಲಿ 2015ರಲ್ಲಿ ರಸ್ತೆಯ ಅಗಲ ಅಳೆದು ತೀರ್ಮಾನ ಮಾಡಹೊರಟರು. ನಗರದ ಒಳಭಾಗದ ವಸತಿ ಪ್ರದೇಶದಲ್ಲಿ 40 ಅಡಿಗಿಂತ ಕಿರಿದಾದ ರಸ್ತೆಯಲ್ಲಿ ವಾಣಿಜ್ಯ ಬಳಕೆ ಬೇಡವೆಂದರು. ನಿವಾಸಿಗಳಿಗೆ ಸಂತೋಷ, ವ್ಯಾಪಾರಿಗಳಿಗೆ ಸಂಕಟ. ನಮ್ಮ ಹಳೇ ಊರಿನ ಗಲ್ಲಿಗಳಿಗೆ ಆ ಟೇಪು ಹಿಡಿದರೆ ಎಷ್ಟು ಬಾಗಿಲು ಮುಚ್ಚಬೇಕಾದೀತೋ, ಎಣಿಸುವವರು ಎಣಿಸಲಿ!

ಅಳೆಯಬೇಕಾದ್ದು ಉಪದ್ರವವನ್ನು. ವಸತಿ ನಡುವಿನ ಮಂಡಕ್ಕಿ ಭಟ್ಟಿಯವನು ಹಳೇ ಟೈರು ಉರಿಸಿದರೆ ಬೀದಿಯ ಮಕ್ಕಳೆಲ್ಲ ಕೆಮ್ಮಬೇಕು. ಅದು ಮನೆಕಸುಬು ಎಂದು ಯಾರೂ ರಿಯಾಯಿತಿ ಕೇಳಕೂಡದು. ನಾಲ್ಕಾರು ಆಳು ಇಟ್ಟು, ಬೋರ್ಡು ಹಾಕಿ, ಲಾರಿ ತರಿಸಿ ದಾಸ್ತಾನು ಇಳಿಸುವ 'ಮನೆ'ಯೂ ಮನೆಯಲ್ಲ, ಅಂಗಡಿ. ಚೌಕಿಪೇಟೆಯವರು ಕಟ್ಟುವುದನ್ನೆಲ್ಲ ಅವರೂ ಕಟ್ಟಲಿ. ಆದರೆ ಮನೆಯವರೇ ಕೂತು ಮಾಡುವ ಹೊಲಿಗೆ, ಹಪ್ಪಳ, ಖಡಕ್ ರೊಟ್ಟಿಗೆ ಅದೇ ಕಾಟ ಕೊಡುವುದು ಬೇಡ. ಇಂಥವಕ್ಕೆ ಯಾವುದಕ್ಕೆ ಅನುಮತಿ ಬೇಕು, ಯಾವುದಕ್ಕೆ ಬೇಡ, ಶುಲ್ಕ ಎಷ್ಟು ಎಂದು ಕನ್ನಡದಲ್ಲಿ ಒಂದು ಹಾಳೆ ಬರೆಸಿ, ದೂಡಾ ಮತ್ತು ಪಾಲಿಕೆ ಕಚೇರಿಯ ಬಾಗಿಲಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಅಂಟಿಸಲು ಎಷ್ಟು ಖರ್ಚು ಬಂದೀತು?

ಮಹಾಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು, ಕರಡು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಬೇಕು ಎಂದು ಕಾಯ್ದೆಯಲ್ಲೇ ಇದೆ. ಅದಕ್ಕೆ ಸಿಗುವುದು 60 ದಿನ. ಮುಂದಿನ ಕರಡು ಹೊರಬಿದ್ದಾಗ ಪೇಟೆಯ ವರ್ತಕರೂ ಹೊಲಿಗೆಯ ಹೆಣ್ಣುಮಕ್ಕಳೂ ತಮ್ಮ ತಮ್ಮ ಅರ್ಜಿ ಬರೆದು ಕೊಟ್ಟು, ಮರೆಯದೆ ಸ್ವೀಕೃತಿ ಸೀಲು ಹಾಕಿಸಿಕೊಂಡು ಬರಲಿ.