ಗಾಳಿ ಯಾರ ಉತಾರದಲ್ಲಿದೆ?

ಫೆಬ್ರವರಿ ಕಳೆಯುತ್ತಿದ್ದಂತೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಕಬ್ಬು ಕಡಿದ ಹೊಲಗಳಿಗೆ ಸಂಜೆ ಹೊತ್ತು ಬೆಂಕಿ ಬೀಳುತ್ತದೆ. ಮಗ್ರಿಬ್ ನಮಾಝಿಗೆ ಹೊರಟವರ ಬಿಳಿ ಅಂಗಿಯ ಮೇಲೆ ರವದಿಯ ಕರಿ ಉದುರುತ್ತದೆ. ಅಂಗಿಯನ್ನು ಒಗೆದುಕೊಳ್ಳಬಹುದು.

"ಹೊಲ ನನ್ನದು, ರವದಿ ನನ್ನದು, ಕಡ್ಡಿ ಗೀರಿದರೆ ನಿಮಗೇನು?" ಎಂಬ ಮಾತನ್ನು ನಾವು ಹಲವು ಸಲ ಕೇಳಿದ್ದೇವೆ. ಹೊಲ ನಿಮ್ಮ ಉತಾರದಲ್ಲಿದೆ, ಒಪ್ಪಿದೆವು. ಗಾಳಿ ಯಾರ ಉತಾರದಲ್ಲಿದೆ? ನೆರೆಯವನಿಗೆ ಕೇಡಾಗುವಂತೆ ಸ್ವಂತ ಆಸ್ತಿಯನ್ನು ಬಳಸುವ ಅಧಿಕಾರವನ್ನು ನಮ್ಮ ಫಿಕ್ಹ್ ಯಾರಿಗೂ ಕೊಟ್ಟಿಲ್ಲ.

ರೈತನ ಕಷ್ಟ ಸುಳ್ಳಲ್ಲ. ಕುಳೆ ಕಬ್ಬಿಗೆ ನೀರು ಹಾಯಿಸಲು ರವದಿ ಅಡ್ಡಿ. ಅದನ್ನು ಪುಡಿಮಾಡುವ ಯಂತ್ರದ ಬಾಡಿಗೆ ಸಣ್ಣ ಹಿಡುವಳಿದಾರನಿಗೆ ಭಾರ. ಆದರೆ ರವದಿಯಲ್ಲಿರುವ ಸಾರಜನಕದ ಬಹುಪಾಲು ಬೆಂಕಿಯಲ್ಲಿ ಹಾರಿಹೋಗುತ್ತದೆ. ಅದನ್ನೇ ಯೂರಿಯಾ ಚೀಲದಲ್ಲಿ ದುಡ್ಡು ಕೊಟ್ಟು ತರುತ್ತೇವೆ!

ಬಿಸಿಲು ಬೇರೆ, ಹೊಗೆ ಬೇರೆ ಎಂದು ಎಣಿಸುವುದೇ ದೊಡ್ಡ ತಪ್ಪು. ಕಾಳ್ಗಿಚ್ಚಿನ ನಾಡಾದ ಕ್ಯಾಲಿಫೋರ್ನಿಯಾದ ಸಾವುಗಳನ್ನು ಪರಿಶೀಲಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳುವುದನ್ನು ಕೇಳಿರಿ: ಅತಿಯಾದ ಬಿಸಿ ಮಾತ್ರ ಇದ್ದ ದಿನ ಸಾವಿನ ಅಪಾಯ ಸುಮಾರು ಶೇ. 6, ಸೂಕ್ಷ್ಮ ಧೂಳು ಮಾತ್ರ ಹೆಚ್ಚಿದ್ದ ದಿನ ಶೇ. 5ರಷ್ಟು ಏರಿತು. ಎರಡೂ ಕೂಡಿದ ದಿನ ಶೇ. 21! ಕೂಡಿಸಿದರೆ ಹನ್ನೊಂದಾಗಬೇಕಿತ್ತು.

ನಮ್ಮಲ್ಲಿ ಈ ಲೆಕ್ಕ ಇಡುವವರಾರು? ಬಯಲುಸೀಮೆಯಲ್ಲಿ 40 ಡಿಗ್ರಿ ಮುಟ್ಟದೆ ಹವಾಮಾನ ಇಲಾಖೆ ಬಿಸಿಗಾಳಿ ಎಂದು ಸಾರುವುದಿಲ್ಲ. ಆ ಅಳತೆಯಲ್ಲಿ ಹೊಗೆಗೆ ಜಾಗವಿಲ್ಲ. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ನಗರಗಳಿಗಾಗಿ ಹುಟ್ಟಿದ್ದು. ಬೀಡ್, ವಿಜಯಪುರಗಳಿಂದ ಬಂದು ಹೊಲದ ಬದಿ ಗುಡಾರ ಹಾಕಿಕೊಂಡು ಕಬ್ಬು ಕಡಿಯುವ ಹೆಂಗಸು, ಅವಳ ಕಂಕುಳಿನ ಕೂಸು, ತಗಡಿನ ಮನೆಯಲ್ಲಿ ಉಬ್ಬಸದಿಂದ ಕುಳಿತ ಅಜ್ಜ, ಇವರು ಯಾವ ನಗರದವರು?

ಹೊಲದ ಬೆಂಕಿಯನ್ನು ಉಪಗ್ರಹ ಕಾಣುತ್ತದೆ, ಉಷ್ಣಾಂಶ ದಿನವೂ ದಾಖಲಾಗುತ್ತದೆ, ಉಬ್ಬಸದ ರೋಗಿ ಬಂದ ದಿನಾಂಕ ತಾಲ್ಲೂಕು ಆಸ್ಪತ್ರೆಯ ಪುಸ್ತಕದಲ್ಲಿರುತ್ತದೆ. ಮೂರನ್ನೂ ಅಕ್ಕಪಕ್ಕ ಇಟ್ಟು ನೋಡುವ ಸಂಶೋಧನೆಯನ್ನು ವಿಶ್ವವಿದ್ಯಾಲಯಗಳಿಂದಲೂ ಜಿಲ್ಲಾಡಳಿತದಿಂದಲೂ ನಾವು ಕೇಳಬೇಕು. ಮನವಿಗೆ ಸಹಿ ಹಾಕುವ ಮುನ್ನ ನಮ್ಮವರ ಹೊಲಗಳನ್ನೂ ನೋಡಿಕೊಳ್ಳೋಣ. ಜಮಾಅತ್‌ನ ನಾಲ್ಕು ಮನೆ ಕೂಡಿ ಮುಂದಿನ ಹಂಗಾಮಿಗೆ ಒಂದು ಯಂತ್ರವನ್ನು ಬಾಡಿಗೆಗೆ ತರುವ ಮಾತನ್ನು ಈ ಶುಕ್ರವಾರವೇ ಎತ್ತಬಹುದು.