ಒಂದು ಜೊತೆ ಆವರಣ

ನವರಾತ್ರಿ ಕಳೆದ ಮರುದಿನ ಹಲಸೂರಿನ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕ ಗೊಂಬೆಗಳನ್ನು ಇಳಿಸಿ ಪೆಟ್ಟಿಗೆಗೆ ತುಂಬುತ್ತಿದ್ದಳು. ಮಗರಾಯ ಮಾತ್ರ ಕಂಪ್ಯೂಟರಿನ ಮುಂದೆ ಮುಖ ಗಂಟಿಕ್ಕಿಕೊಂಡು ಕುಳಿತಿದ್ದನು. ಇಂದಿರಾನಗರದ ಕಚೇರಿಯೊಂದರಲ್ಲಿ ‘ಗೋ’ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವುದು ಅವನ ಉದ್ಯೋಗ. ಗ್ರೀಸ್‌ಮರ್, ಪೈಕ್, ಥಾಮ್ಸನ್ ಎಂಬ ಮೂವರು ಗೂಗಲ್ ಸಂಸ್ಥೆಯಲ್ಲಿ 2007ರಲ್ಲಿ ರೂಪಿಸತೊಡಗಿದ ಈ ಭಾಷೆ 2009ರಲ್ಲಿ ಲೋಕದ ಕೈಗೆ ಬಂದಿತು.

ಅದರಲ್ಲಿ ‘ಡಿಫರ್’ ಎಂಬುದೊಂದು ಪದವುಂಟು. ‘ಈ ಕೆಲಸ ಈಗ ಬೇಡ, ಈ ಭಾಗದಿಂದ ಹೊರಡುವಾಗ ಮಾಡು’ ಎಂದು ಅದರ ಅರ್ಥ. ತೆರೆದ ಕಡತವನ್ನು ಮುಚ್ಚಲು, ಹಾಕಿದ ಬೀಗವನ್ನು ತೆಗೆಯಲು ಇದು ಬೇಕು. ಹೀಗೆ ಮುಂದೂಡಿದ ಕೆಲಸಗಳು ಹಲವಾದರೆ ಕೊನೆಯದು ಮೊದಲು ನಡೆಯುತ್ತದೆ, ಮೊದಲಿನದು ಕೊನೆಗೆ. ವಿಚಿತ್ರವೆನಿಸಿತೆ? ಅಕ್ಕನನ್ನು ನೋಡಿ: ಮೊದಲು ಮೆಟ್ಟಿಲು ಜೋಡಿಸಿ, ಮೇಲೆ ಬಟ್ಟೆ ಹಾಸಿ, ಆಮೇಲೆ ಗೊಂಬೆ ಕೂರಿಸಿದವಳು, ತೆಗೆಯುವಾಗ ಗೊಂಬೆಯಿಂದಲೇ ಆರಂಭಿಸಬೇಕಷ್ಟೆ!

ಕೆಲಸದ ಜಾಡು ಹಿಡಿಯಲೆಂದು, ಪ್ರತಿಯೊಂದು ಭಾಗವೂ ಆರಂಭದಲ್ಲಿ ‘ಬಂದೆ’ ಎಂದೂ ಅಂತ್ಯದಲ್ಲಿ ‘ಹೊರಟೆ’ ಎಂದೂ ದಾಖಲಿಸುವ ಏರ್ಪಾಟನ್ನು ಹುಡುಗ ಮಾಡಿದ್ದನು. ಒಂದು ಭಾಗ ಮಾತ್ರ ಎಲ್ಲ ಮುಗಿದ ಮೇಲೆ ‘ಬಂದೆ’ ಎನ್ನುತ್ತಿತ್ತು. ‘ಹೊರಟೆ’ ಎನ್ನುತ್ತಲೇ ಇರಲಿಲ್ಲ. ಅದು ಕರೆಯುವ ಸಹೋದ್ಯೋಗಿಯ ಭಾಗವು ಕರೆಯುವ ಮೊದಲೇ ಓಡಿದಂತೆ ದಾಖಲೆಯಲ್ಲಿ ಕಾಣುತ್ತಿತ್ತು.

“ತಪ್ಪು ಅವನದೇ, ಮಾವ. ಮೇಲಧಿಕಾರಿಗೆ ಪತ್ರವನ್ನೂ ಬರೆದಿದ್ದೇನೆ, ಕಳುಹಿಸುವುದೊಂದೇ ಬಾಕಿ” ಎಂದನು.

ನನಗೆ ಆ ಭಾಷೆ ಬಾರದು. ಆದರೆ ಕರಡಚ್ಚು ತಿದ್ದಿ ಪಳಗಿದ ಕಣ್ಣು. ಉಳಿದೆಡೆಯೆಲ್ಲ ‘ಡಿಫರ್ ಟ್ರೇಸ್’ ಎಂಬ ಸಾಲಿನಲ್ಲಿ ಭಾಗದ ಹೆಸರಿನ ಸುತ್ತ ಒಂದು ಜೊತೆ ಆವರಣ, ಅದರ ಮುಂದೆ ಬರಿದಾದ ಇನ್ನೊಂದು ಜೊತೆ. ಇಲ್ಲಿ ಎರಡನೆಯ ಜೊತೆಯೇ ಇಲ್ಲ!

“ಇದೇಕಯ್ಯಾ ಹೀಗೆ?” ಎಂದೆ. ಹುಡುಗ ಹಣೆ ಚಚ್ಚಿಕೊಂಡನು.

ಎರಡೂ ಜೊತೆಗಳಿದ್ದರೆ ‘ಟ್ರೇಸ್’ ಆ ಕ್ಷಣವೇ ‘ಬಂದೆ’ ಎಂದು ಬರೆದು, ‘ಹೊರಟೆ’ ಎಂದು ಬರೆಯುವ ಕೆಲಸವನ್ನು ಕೈಗೆ ಕೊಡುತ್ತದೆ. ಕೊನೆಗೆ ಮುಂದೂಡಲ್ಪಡುವುದು ಆ ಕೆಲಸವೊಂದೇ. ಒಂದೇ ಜೊತೆಯಿದ್ದರೆ ‘ಟ್ರೇಸ್’ ತಾನೇ ಕೊನೆಗೆ ಹೋಗುತ್ತದೆ. ಆಗ ಅದು ಕೊಡುವ ‘ಹೊರಟೆ’ಯನ್ನು ಕೇಳುವವರಿಲ್ಲ. ವ್ಯಾಕರಣದ ದೃಷ್ಟಿಯಿಂದ ವಾಕ್ಯ ಶುದ್ಧ; ಆದುದರಿಂದ ಯಂತ್ರವೂ ಆಕ್ಷೇಪಿಸಿರಲಿಲ್ಲ.

ಪತ್ರ ಅಳಿಸಿಹೋಯಿತು. ಸಾಕ್ಷಿಯ ಮಾತನ್ನು ನಂಬಿ ಒಬ್ಬನನ್ನು ದೂರುವ ಮುನ್ನ ಸಾಕ್ಷಿಯನ್ನೇ ಒಮ್ಮೆ ಪರೀಕ್ಷಿಸುವುದು ಲೇಸಲ್ಲವೆ?

ಅಷ್ಟರಲ್ಲಿ ಹಜಾರದಿಂದ ಅಕ್ಕ ಕೂಗಿದಳು: “ಗೊಂಬೆ ಮುಗಿಯಿತು, ಬಟ್ಟೆಯೂ ಮಡಿಸಿದೆ. ಮೆಟ್ಟಿಲು ಎತ್ತುವುದಕ್ಕಾದರೂ ಬನ್ನಿರೋ!”