ಎತ್ತರಿಸಬೇಕಾದದ್ದು ಕಾರನ್ನೋ, ದಾರಿಯನ್ನೋ?

ಕೊಪ್ಪಳ ಜಿಲ್ಲೆಯ ಹುಲಿಹೈದರ ಮಲೆನಾಡಲ್ಲ. ಹಿಂದೆ ಗಂಗಾವತಿ ತಾಲೂಕಿನಲ್ಲಿದ್ದು ಈಗ ಕನಕಗಿರಿ ತಾಲೂಕಿಗೆ ಸೇರಿರುವ ಆ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಆರು ನೂರು ಮಿಲಿಮೀಟರಿನ ಆಸುಪಾಸು. ಆಗುಂಬೆಯಲ್ಲಿ ಆಷಾಢದ ಒಂದೆರಡು ವಾರಗಳಲ್ಲೇ ಅಷ್ಟು ಸುರಿದುಬಿಡುತ್ತದೆ. ಆದರೂ ಘಟ್ಟದಂಚಿನ ಅಡಿಕೆ ಬೆಳೆಗಾರನಿಗೂ ಹುಲಿಹೈದರದ ಒಣಬೇಸಾಯದ ರೈತನಿಗೂ ಇಂದು ಒಂದು ಪ್ರಶ್ನೆ ಸಮಾನವಾಗಿದೆ. ಸೆಕೆಂಡ್ ಹ್ಯಾಂಡ್ ಚಿಕ್ಕ ಕಾರೊಂದನ್ನು ಕೊಂಡಾಗಿದೆ. ಅದರ ಹೊಟ್ಟೆ ನೆಲಕ್ಕೆ ತಾಗುತ್ತಿದೆ. ಗ್ಯಾರೇಜಿನವರು ಎತ್ತರಿಸಿಕೊಡುತ್ತೇವೆ ಎನ್ನುತ್ತಿದ್ದಾರೆ. ಎತ್ತರಿಸಬೇಕೆ?

ಇದು ಪರಿಸರದ ಪತ್ರಿಕೆಗೆ ತಕ್ಕ ವಿಷಯವೇ ಎಂದು ಹುಬ್ಬೇರಿಸುವವರಿರಬಹುದು. ಕಾರು ಎಂದೊಡನೆ ಮೂಗು ಮುರಿಯುವುದು ಪರಿಸರವಾದಿಗಳ ಹಳೆಯ ಚಾಳಿ. ಆದರೆ ಬೆಳಗಿನ ಬಸ್ಸು ತಪ್ಪಿದರೆ ಮಧ್ಯಾಹ್ನದವರೆಗೆ ಕಾಯಬೇಕಾದ ಊರಿನಲ್ಲಿ, ವಯಸ್ಸಾದ ತಾಯಿಯನ್ನು ಗಂಗಾವತಿಯ ಆಸ್ಪತ್ರೆಗೆ ಕರೆದೊಯ್ಯಲು, ಬಿತ್ತನೆ ಬೀಜ ತರಲು, ಮಕ್ಕಳನ್ನು ಪರೀಕ್ಷೆಗೆ ಮುಟ್ಟಿಸಲು ಒಂದು ಮಾರುತಿ ಆಲ್ಟೊ ಕೊಂಡವನನ್ನು ಭೋಗಿಯೆಂದು ಹಳಿಯುವುದು ಅನ್ಯಾಯ. ಅವನ ಕಷ್ಟ ನಿಜವಾದದ್ದು. ಅದಕ್ಕೆ ಗ್ಯಾರೇಜಿನಲ್ಲಿ ದೊರೆಯುವ ಪರಿಹಾರ ಎಷ್ಟು ನಿಜವಾದದ್ದು ಎಂಬುದನ್ನಷ್ಟೇ ಪರಿಶೀಲಿಸಬೇಕಾಗಿದೆ.

ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಕಾರಿನ ತಳಕ್ಕೂ ನಡುವಿನ ಅಂತರ, ಆಲ್ಟೊ 800ರಲ್ಲಿ 160 ಮಿ.ಮೀ. ಕಂಪನಿಗಳು ಸಾಮಾನ್ಯವಾಗಿ ಪ್ರಕಟಿಸುವುದು ಖಾಲಿ ಕಾರಿನ ಲೆಕ್ಕ. ಐದು ಜನ ಕುಳಿತು, ಡಿಕ್ಕಿಯಲ್ಲಿ ಒಂದು ಚೀಲ ಗೊಬ್ಬರ ಬಿದ್ದೊಡನೆ ಅದರಲ್ಲಿ ಅಂಗುಲವೋ ಒಂದೂವರೆ ಅಂಗುಲವೋ ಕರಗಿಹೋಗುತ್ತದೆ. ಹಳ್ಳಿಯ ಕಾರು ಖಾಲಿ ಓಡುವ ದಿನಗಳೇ ಕಡಿಮೆ. ಈ ಅಂತರಕ್ಕೆ ತೆರಿಗೆಯ ಇತಿಹಾಸವೂ ಇದೆಯೆಂಬುದು ಸ್ವಾರಸ್ಯಕರ. 2013ರ ಕೇಂದ್ರ ಮುಂಗಡಪತ್ರದಲ್ಲಿ ನಾಲ್ಕು ಮೀಟರಿಗಿಂತ ಉದ್ದದ, 1500 ಸಿ.ಸಿ.ಗಿಂತ ದೊಡ್ಡ ಎಂಜಿನ್ನಿನ, ನೆಲದಿಂದ 170 ಮಿ.ಮೀ. ಅಥವಾ ಹೆಚ್ಚು ಎತ್ತರದ ವಾಹನಗಳ ಅಬಕಾರಿ ಸುಂಕವನ್ನು ಶೇ. 27ರಿಂದ 30ಕ್ಕೆ ಏರಿಸಲಾಯಿತು. ಆ ಬಳಿಕ ಮಹೀಂದ್ರ ಕಂಪನಿಯು ತನ್ನ ಎಕ್ಸ್‌ಯುವಿ 500 ವಾಹನದ ತಳವನ್ನೇ 160 ಮಿ.ಮೀ.ಗೆ ಇಳಿಸಿತು. ಒಂದು ಕಡೆ ಸುಂಕ ತಪ್ಪಿಸಲು ತಗ್ಗುವ ದೊಡ್ಡ ವಾಹನ, ಇನ್ನೊಂದು ಕಡೆ ಗುಂಡಿ ದಾಟಲು ಹಿಗ್ಗುವ ಚಿಕ್ಕ ವಾಹನ! ರಸ್ತೆ ಮಾತ್ರ ಇದ್ದಂತೆಯೇ ಇದೆ.

ಎತ್ತರಿಸುವ ಉಪಾಯಗಳು ಮುಖ್ಯವಾಗಿ ಮೂರು. ಸುರುಳಿ ಸ್ಪ್ರಿಂಗಿನ ಎಳೆಗಳ ನಡುವೆ ರಬ್ಬರ್ ಬಫರ್ ತುರುಕುವುದು ಅತ್ಯಂತ ಅಗ್ಗದ್ದು. ಸ್ಪ್ರಿಂಗಿನ ಮೇಲೋ ಕೆಳಗೋ ದಪ್ಪ ಬಿಲ್ಲೆಯಂಥ ಸ್ಪೇಸರ್ ಕೂರಿಸುವುದು ಎರಡನೆಯದು. ದೊಡ್ಡ ಟೈರು ಹಾಕುವುದು ಮೂರನೆಯದು. ಟೈರಿನ ಬಗ್ಗೆ ಇರುವಷ್ಟು ಭ್ರಮೆ ಬೇರಾವುದರ ಬಗ್ಗೆಯೂ ಇಲ್ಲ. ಹನ್ನೆರಡು ಅಂಗುಲದ ರಿಮ್ ತೆಗೆದು ಹದಿಮೂರರದ್ದು ಹಾಕಿದರೆ ಕಾರು ಎತ್ತರವಾಗುತ್ತದೆಂದು ಅನೇಕರು ನಂಬಿದ್ದಾರೆ. ಲೆಕ್ಕ ಹಾಕಿ ನೋಡಿದರೆ 145/80 ಆರ್ 12 ಟೈರಿನ ವ್ಯಾಸ ಸುಮಾರು 537 ಮಿ.ಮೀ.; 155/65 ಆರ್ 13ರದ್ದು 532. ಹಣ ತೆತ್ತು ಕಾರನ್ನು ಕುಳ್ಳಗೆ ಮಾಡಿಕೊಂಡಂತಾಯಿತು. 155/80 ಆರ್ 13 ಹಾಕಿದರೆ ವ್ಯಾಸ ನಲವತ್ತು ಮಿ.ಮೀ. ಹೆಚ್ಚುವುದು ನಿಜ, ಆದರೆ ಕಾರು ಏರುವುದು ಅದರ ಅರ್ಧದಷ್ಟು ಮಾತ್ರ. ಜೊತೆಗೆ ಸ್ಟಿಯರಿಂಗ್ ತಿರುಗಿಸಿದಾಗ ಟೈರು ಮಡ್‌ಗಾರ್ಡಿಗೆ ಉಜ್ಜುವ ಸಂಭವ, ಸ್ಪೀಡೋಮೀಟರು ನಿಜ ವೇಗಕ್ಕಿಂತ ಕಡಿಮೆ ತೋರಿಸುವ ಅಪಾಯ.

ಸ್ಪೇಸರಿನ ಪರಿಣಾಮ ಇನ್ನೂ ಗಂಭೀರವಾದದ್ದು. ಚಿಕ್ಕ ಕಾರುಗಳಲ್ಲಿ ಎಂಜಿನ್ನಿನ ಬಲ ಮುಂದಿನ ಗಾಲಿಗಳಿಗೆ ಹೋಗುವುದು ಎರಡು ಡ್ರೈವ್ ಶಾಫ್ಟುಗಳ ಮೂಲಕ. ಮೈ ಮೇಲೆದ್ದಷ್ಟೂ ಆ ಶಾಫ್ಟುಗಳು ಓರೆಯಾಗಿ ದುಡಿಯಬೇಕಾಗುತ್ತದೆ. ಕೀಲಿನ ರಬ್ಬರ್ ಬೂಟು ಹರಿದು ಗ್ರೀಸಿಗೆ ಧೂಳು ಸೇರಿದರೆ ಕೀಲೇ ಸವೆಯುತ್ತದೆ. ಗಾಲಿಗಳ ಅಲೈನ್‌ಮೆಂಟ್ ತಪ್ಪಿ ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ. ಭಾರದ ಕೇಂದ್ರ ಮೇಲಕ್ಕೆ ಸರಿಯುವುದರಿಂದ ತಿರುವಿನಲ್ಲಿ ಕಾರು ಹೆಚ್ಚು ವಾಲುತ್ತದೆ. ಎದುರಿಗೆ ಎಮ್ಮೆ ಅಡ್ಡ ಬಂದಾಗ ಥಟ್ಟನೆ ಪಕ್ಕಕ್ಕೆಳೆದರೆ ಆಗುವುದೇನೆಂದು ವಿವರಿಸಬೇಕಿಲ್ಲ. ಅಂಗುಲದೊಳಗಿನ ಏರಿಕೆಯಲ್ಲಿ ಇವೆಲ್ಲ ಸಹ್ಯ ಮಿತಿಯಲ್ಲಿರಬಹುದು, ಅದನ್ನು ಮೀರಿದರೆ ತಯಾರಕರ ಇಡೀ ಲೆಕ್ಕಾಚಾರವೇ ಬುಡಮೇಲಾಗುತ್ತದೆ. ಎಂಜಿನ್ ಆಯಿಲ್ಲಿನ ಚೇಂಬರು ಕಲ್ಲಿಗೆ ಬಡಿದು ಒಡೆಯುವುದೇ ಭಯವಾಗಿದ್ದರೆ, ಅದರ ಕೆಳಗೊಂದು ಗಟ್ಟಿ ಕಬ್ಬಿಣದ ತಗಡು ಹಾಕಿಸುವುದು, ಹೊರೆ ಇಳಿಸುವುದು, ಹಿಂದಿನ ದಣಿದ ಸ್ಪ್ರಿಂಗುಗಳನ್ನು ಬದಲಿಸುವುದು ಹೆಚ್ಚು ವಿವೇಕದ ಮಾರ್ಗ.

ಇಷ್ಟು ಮಾಡಿದರೂ ಎತ್ತರಿಸಿದ ಆಲ್ಟೊ ಜೀಪಾಗುವುದಿಲ್ಲ. 1985ರಲ್ಲಿ ಬಂದ ಮಾರುತಿ ಜಿಪ್ಸಿಯಲ್ಲಿದ್ದದ್ದು 970 ಸಿ.ಸಿ.ಯ ಚಿಕ್ಕ ಎಂಜಿನ್ನೇ. ಅದು ಕಾಡಿನ ದಾರಿಗಳಲ್ಲಿ ಹೆಸರು ಮಾಡಿದ್ದು ಎತ್ತರದಿಂದಷ್ಟೇ ಅಲ್ಲ. ನಾಲ್ಕೂ ಗಾಲಿಗಳಿಗೆ ಬಲ ಹಂಚುವ ವ್ಯವಸ್ಥೆ ಮತ್ತು ಆಮೆವೇಗದ ಗೇರಿನಿಂದ. ಮುಂದಿನ ಗಾಲಿಗಳಷ್ಟೇ ಎಳೆಯುವ ಕಾರು ಸಡಿಲ ಗರಸಿನ ಏರನ್ನು ಹತ್ತುವಾಗ ಭಾರವೆಲ್ಲ ಹಿಂದಕ್ಕೆ ಜಾರಿ, ಎಳೆಯಬೇಕಾದ ಗಾಲಿಗಳೇ ಹಿಡಿತ ಕಳೆದುಕೊಂಡು ನೆಲ ಕೆರೆಯುತ್ತವೆ.

ಹಾಗಾದರೆ ಕಾರಿನ ತಳ ನಿಜವಾಗಿ ತಾಗುವುದು ಎಲ್ಲಿ? ಬಹುಪಾಲು ಕಾಡಿನಲ್ಲೂ ಅಲ್ಲ, ಹೊಲದಲ್ಲೂ ಅಲ್ಲ. ಊರ ಬಾಗಿಲಿನ ಹಂಪ್ಸ್ ಮೇಲೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ನಿಗದಿಪಡಿಸಿದ ಅಳತೆಯಂತೆ ಹಂಪು ಹತ್ತು ಸೆಂ.ಮೀ. ಎತ್ತರವಿದ್ದು 3.7 ಮೀಟರ್ ಅಗಲಕ್ಕೆ ದುಂಡಾಗಿ ಹರಡಿರಬೇಕು. ಆ ಅಳತೆಯ ಹಂಪನ್ನು 160 ಮಿ.ಮೀ.ನ ಕಾರು, ತುಂಬಿದ್ದರೂ, ಸಾವಧಾನವಾಗಿ ದಾಟುತ್ತದೆ. ಅಪಘಾತವಾದ ಮರುದಿನ ಸಿಟ್ಟಿನಲ್ಲಿ ಎರಡಡಿ ಅಗಲಕ್ಕೆ ಗೋಡೆಯಂತೆ ಎಬ್ಬಿಸಿದ ಸಿಮೆಂಟಿನ ದಿಂಡನ್ನು ಯಾವ ಚಿಕ್ಕ ಕಾರೂ ಗೌರವದಿಂದ ದಾಟಲಾರದು. ಮಕ್ಕಳ ಜೀವಕ್ಕೆ ಹೆದರಿ ಹಂಪು ಕೇಳುವ ಊರಿನವರು ತಪ್ಪಿತಸ್ಥರಲ್ಲ. ಅಳತೆಪಟ್ಟಿ ಹಿಡಿಯದೆ ಕಟ್ಟುವವರು, ಕಟ್ಟಿದ್ದನ್ನು ನೋಡದೆ ಬಿಲ್ಲಿಗೆ ಸಹಿ ಹಾಕುವವರು ತಪ್ಪಿತಸ್ಥರು.

ಎರಡನೆಯ ಕಾರಣ ಮಣ್ಣು. ಹುಲಿಹೈದರದ ಸುತ್ತಣ ಸೀಮೆಯಲ್ಲಿ ಮಸಾರಿಯೂ ಉಂಟು, ಎರೆಯೂ ಉಂಟು. ಎರೆಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ತೆಳ್ಳಗೆ ಡಾಂಬರು ಬಳಿದರೆ ಎರಡು ಮಳೆಗಾಲದಲ್ಲಿ ರಸ್ತೆ ಅಲೆಯಲೆಯಾಗುವುದರಲ್ಲಿ ಆಶ್ಚರ್ಯವಿಲ್ಲ. ಮದ್ದು ಹೊಸದಲ್ಲ: ಎರಡೂ ಬದಿ ಚರಂಡಿ, ತಳದಲ್ಲಿ ಚೆನ್ನಾಗಿ ಧಮ್ಮಸು ಮಾಡಿದ ಗರಸಿನ ಪದರ, ಅಗತ್ಯವಿದ್ದಲ್ಲಿ ಮಣ್ಣಿಗೆ ಸುಣ್ಣ ಬೆರೆಸಿ ಹದಗೊಳಿಸುವುದು. ಎತ್ತಿನ ಬಂಡಿ ಈ ನೆಲದ ಸ್ವಭಾವವನ್ನು ಅರಿತೇ ರೂಪುಗೊಂಡಿತ್ತು. ನಾಲ್ಕೈದು ಅಡಿ ವ್ಯಾಸದ ಗಾಲಿ, ಎರಡಡಿಗೂ ಮೇಲಿನ ಅಚ್ಚು. ಕೆಸರಿರಲಿ ಕಲ್ಲಿರಲಿ ತಡೆಯಿಲ್ಲ. ಆದರೆ ಅದರ ಕಬ್ಬಿಣದ ಕಿರಿದಾದ ಹಳಿ ನೆಲವನ್ನು ಸೀಳಿ ಆಳವಾದ ಜಾಡು ಮಾಡುತ್ತಿದ್ದುದೂ ಸತ್ಯ. ಹಳತೆಲ್ಲ ಸುಭಿಕ್ಷವಾಗಿತ್ತೆಂದು ಹಾಡಬೇಕಿಲ್ಲ.

ಎತ್ತರಿಸಿದ ಕಾರು ತನ್ನೊಡನೆ ಒಂದು ಆಸೆಯನ್ನೂ ಎತ್ತರಿಸುತ್ತದೆ. ದಾರಿ ಬಿಟ್ಟು ಇಳಿಯೋಣ ಎಂಬ ಆಸೆ. ಆಫ್‌ರೋಡ್ ಎಂಬ ಪದ ಈಗ ಶೋಕಿಯಾಗಿದೆ. ಕೊಡಚಾದ್ರಿಗೆ ಏರುವ ಜೀಪುದಾರಿಯನ್ನು ಕಂಡ ಮಲೆನಾಡಿನ ಓದುಗರಿಗೆ ಇದರ ಮುಂದಿನ ಕಥೆ ತಿಳಿದೇ ಇದೆ. ಜಾಡು ಆಳವಾದಂತೆ ಚಾಲಕ ಪಕ್ಕದ ನೆಲ ಹಿಡಿಯುತ್ತಾನೆ. ದಾರಿ ಅಗಲವಾಗುತ್ತಾ ಹೋಗುತ್ತದೆ. ಹಳೆಯ ಜಾಡಿನಲ್ಲಿ ಮಳೆನೀರು ಓಡಿ ಕೊರಕಲಾಗುತ್ತದೆ. ಒಣಸೀಮೆಯಲ್ಲಿ ಈ ಗಾಯ ಮಾಯುವುದು ಇನ್ನೂ ನಿಧಾನ. ಹಸಿಯಾದ ಮಣ್ಣು ಅದುಮಿಹೋಗುವುದರಲ್ಲಿ ದೊಡ್ಡ ಪಾಲು ಗಾಲಿಯ ಮೊದಲ ಓಟದಲ್ಲಿಯೇ ಸಂಭವಿಸುತ್ತದೆ ಎಂಬುದು ಮಣ್ಣುವಿಜ್ಞಾನದ ಖಚಿತ ಪಾಠ. 'ಒಂದೇ ಸಲ ಹೋಗಿ ಬಂದೆವು' ಎಂಬ ಸಮಾಧಾನಕ್ಕೆ ಅರ್ಥವಿಲ್ಲ. ರಂಧ್ರಗಳು ಮುಚ್ಚಿದ ಮಣ್ಣು ನೀರನ್ನು ಒಳಗೆ ಬಿಡದು. ಆರು ನೂರು ಮಿಲಿಮೀಟರ್ ಮಳೆಯ ನಾಡಿನಲ್ಲಿ ಇಂಗದೆ ಹರಿದುಹೋದ ಪ್ರತಿ ಹನಿಯೂ ಸಜ್ಜೆ, ತೊಗರಿಗೆ ತಪ್ಪಿದ ಹನಿ.

ಕಲ್ಲುಗುಡ್ಡ, ಮುಳ್ಳುಕಂಟಿ, ಬೋಳು ಹುಲ್ಲುಗಾವಲನ್ನು ಪಾಳು ಎಂದು ಬರೆದಿಡುವ ಕಂದಾಯ ಇಲಾಖೆಯ ಹಳೆಯ ರೂಢಿಯೂ ಈ ಶೋಕಿಗೆ ಅನುಕೂಲವಾಗಿದೆ. ಪಾಳೆಂದ ಮೇಲೆ ಕಾರು ಓಡಿಸಿದರೇನು ತಪ್ಪು? ಆದರೆ ಅಂಥ ನೆಲವೇ ತೋಳದ ಮನೆ. ಗಂಗಾವತಿ ತಾಲೂಕಿನ ಬಂಕಾಪುರ ತೋಳಧಾಮದಲ್ಲಿ 2025ರಲ್ಲಿ ತೋಳವೊಂದು ಎಂಟು ಮರಿ ಹಾಕಿದ ಸುದ್ದಿ ನಾಡಿನಾದ್ಯಂತ ಹರಡಿತು. ತೋಳ ಮರಿ ಹಾಕುವುದು ಬಂಡೆಸಂದಿನಲ್ಲಿ, ತೋಡಿದ ಬಿಲದಲ್ಲಿ. ಧಾಮದ ಗಡಿಕಲ್ಲು ಅದಕ್ಕೆ ತಿಳಿಯದು. ಅದೇ ತಾಲೂಕಿನ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ನೂರಾರು ಶಿಲಾಸಮಾಧಿಗಳು ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ನಿಂತಿವೆ. ಅಲ್ಲಿಗೆ ನಡೆದೇ ಹತ್ತಬೇಕು. ಅವು ಉಳಿದಿರುವುದಕ್ಕೆ ಅದೂ ಒಂದು ಕಾರಣವಿರಬೇಕು.

ಕಾನೂನಿನ ಮಾತನ್ನೂ ಮರೆಯುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಬದಲಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಐದು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆ, ಇಲ್ಲವೆ ಎರಡನ್ನೂ ವಿಧಿಸಲು ಅವಕಾಶ ಕಲ್ಪಿಸಿತು. ಆದ್ದರಿಂದ ಸ್ಪೇಸರ್ ಹಾಕಿಸುವ ಮುನ್ನ ಸಾರಿಗೆ ಕಚೇರಿಯಲ್ಲೂ ವಿಮೆಯವರಲ್ಲೂ ವಿಚಾರಿಸುವುದು ಕ್ಷೇಮ. ವಿಪರ್ಯಾಸವೆಂದರೆ ಅಂಗುಲ ಎತ್ತರಿಸಿದ ಕಾರಿನ ಒಡೆಯನನ್ನು ಹಿಡಿಯಲು ಕಲಮು ಇದೆ, ಅಳತೆ ತಪ್ಪಿದ ಹಂಪು ಕಟ್ಟಿದವನಿಗೆ ದಂಡ ಬಿದ್ದ ಸುದ್ದಿ ಕಿವಿಗೆ ಬೀಳುವುದೇ ಇಲ್ಲ.

ಹುಲಿಹೈದರದಂಥ ಊರಿನಲ್ಲಿ ನಾಲ್ಕು ಜನ ಕಾರಿನವರು, ಹತ್ತು ಜನ ಟಂಟಂನವರು, ಟ್ರ್ಯಾಕ್ಟರಿನವರು ಸೇರಿ ಗ್ರಾಮಸಭೆಯಲ್ಲಿ ಕೇಳಬಹುದಾದದ್ದು ಬೇಕಾದಷ್ಟಿದೆ. ಊರ ಹಂಪುಗಳನ್ನು 3.7 ಮೀಟರಿಗೆ ಹರಡಿ ಮರುರೂಪಿಸಲಿ. ಹೊಲದ ದಾರಿಗಳಿಗೆ ಮುಂಗಾರಿಗೆ ಮೊದಲು ಗರಸು ಬೀಳಲಿ. ಬಿದ್ದದ್ದನ್ನು ರೋಲರಿನಿಂದ ಧಮ್ಮಸು ಮಾಡಲಿ, ಟ್ರ್ಯಾಕ್ಟರಿನ ಗಾಲಿ ತುಳಿದು ಗಟ್ಟಿಯಾಗಲೆಂದು ಬಿಟ್ಟುಬಿಡದಿರಲಿ. ದಾರಿಯ ನೀರು ಪಕ್ಕದ ಹೊಲದ ಬದು ಒಡೆಯದೆ ಹಳ್ಳ ಸೇರುವಂತೆ ಚರಂಡಿ ತೆಗೆಯಲಿ. ಕಾಮಗಾರಿಯ ಅಂದಾಜುಪಟ್ಟಿಯ ಪ್ರತಿಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕೊಟ್ಟು ಅರ್ಜಿ ಸಲ್ಲಿಸಿ ಯಾರೂ ಕೇಳಬಹುದು. ಗರಸಿನ ದಪ್ಪ ಎಷ್ಟೆಂದು ಅದರಲ್ಲಿ ಬರೆದಿರುತ್ತದೆ. ದಾರಿಯಲ್ಲಿ ಒಂದು ಗೇಣು ಅಗೆದರೆ ಎಷ್ಟು ಹಾಕಿದ್ದಾರೆಂಬುದೂ ಕಾಣುತ್ತದೆ.